ಎರಡು ಡಬ್ಬಿ ಬೀಜ

ಅವನನ್ನು ಅವಳು ಮೊದಲು ಕಂಡದ್ದು ಬೆನ್ನ ಕಡೆಯಿಂದ. ಬಕೆಟ್ ಬೋರಲು ಹಾಕಿ ಅದರ ಮೇಲೆ ತುದಿಗಾಲಲ್ಲಿ ನಿಂತಿದ್ದ. ಇಸ್ತ್ರಿ ಮಾಡಿದ ಶರ್ಟು, ಕುಳ್ಳು ದೇಹ. ಎರಡೂ ಕೈ ಮೇಲೆತ್ತಿ, ಸೂರ್ಯಕಾಂತಿಯೊಂದರ ಕುತ್ತಿಗೆಗೆ ಕಟ್ಟಿದ್ದ ಬಟ್ಟೆಯ ಚೀಲದ ದಾರ ಬಿಚ್ಚುತ್ತಿದ್ದ.

ಬೀಜದ ಕಂಪನಿಯ ಆ ತೋಟದಲ್ಲಿ ಚೀಲ ಕಟ್ಟುವುದು ಅವಳ ಕೆಲಸ. ಹೂವು ಅರಳುವ ಮೊದಲೇ ಮುಸುಕು ಹಾಕದಿದ್ದರೆ ಜೇನುಹುಳ ಎಲ್ಲಿಯದೋ ಪರಾಗವನ್ನು ತಂದು ಮೆತ್ತುತ್ತದೆ, ತಳಿ ಕೆಡುತ್ತದೆ. ಆ ಹಂಗಾಮಿನಲ್ಲಿ ನೂರಾ ನಲವತ್ತು ಹೂವಿಗೆ ಅವಳು ಚೀಲ ಕಟ್ಟಿದ್ದಳು. ಒಂದಕ್ಕೂ ಏಣಿ ಹಾಕಿರಲಿಲ್ಲ.

ಹತ್ತಿರ ಹೋಗಿ, ಮಾತಾಡದೆ, ಉದ್ದನೆಯ ಕೈ ಚಾಚಿ ಅವನ ಬೆರಳುಗಳಿಂದ ಚೀಲ ಕಿತ್ತುಕೊಂಡಳು. ಹೂವಿಗೆ ಮತ್ತೆ ತೊಡಿಸಿ ದಾರವನ್ನು ಎರಡು ಸುತ್ತು ಬಿಗಿದಳು.

ಅವನು ತಿರುಗಿದ. ಬಕೆಟ್ಟಿನ ದಯೆಯಿಂದ ಇಬ್ಬರ ಕಣ್ಣೂ ಒಂದೇ ಮಟ್ಟದಲ್ಲಿದ್ದವು.

"ಇದು ಪಾರ್ಕ್ ಅಲ್ಲ," ಅಂದಳು. "ಗೇಟಲ್ಲಿ ಬೋರ್ಡ್ ಹಾಕಿದೆ. ಓದೋಕೆ ಬರಲ್ವಾ?"

"ಬರುತ್ತೆ. ಬೋರ್ಡು ಸ್ವಲ್ಪ ಮೇಲಿದೆ."

ನಗು ಬಂತು. ನುಂಗಿಕೊಂಡಳು. "ಯಾರನ್ನ ಕೇಳಿ ಬಿಚ್ಚಿದ್ರಿ?"

"ಯಾರನ್ನ ಕೇಳ್ಬೇಕಿತ್ತು?"

"ನನ್ನನ್ನ."

"ಸರಿ. ಇನ್ಮೇಲೆ ನಿಮ್ಮನ್ನ ಕೇಳದೆ ಯಾವ ಹೂವನ್ನೂ ಮುಟ್ಟಲ್ಲ."

ಬಕೆಟ್ಟಿನಿಂದ ಇಳಿದ. ಇಳಿದವನು ಅವಳ ಭುಜದ ಕೆಳಗೆಲ್ಲೋ ಹೋದ. ಅಷ್ಟರಲ್ಲಿ ಮೇಸ್ತ್ರಿ ಏದುಸಿರು ಬಿಡುತ್ತಾ ಓಡಿಬಂದು, "ಸಾರ್, ಆಫೀಸ್ ಕೀ ತಂದಿದೀನಿ. ನೀವು ಇಲ್ಲಿದೀರ," ಎಂದಾಗ ಅವಳ ಕಿವಿ ಕಾದ ಹೆಂಚಾಯಿತು. ತೋಟಕ್ಕೆ ಹೊಸದಾಗಿ ಬರಬೇಕಿದ್ದ ಅಧಿಕಾರಿ ಇವನೇ.

ಅವನು ಮೇಸ್ತ್ರಿಗೆ ಏನೂ ಹೇಳಲಿಲ್ಲ. ಬಕೆಟ್ ಎತ್ತಿಕೊಂಡು ಹೊರಟವನು ಚೆಂಡುಹೂವಿನ ಸಾಲಿನ ತುದಿಯಲ್ಲಿ ಒಮ್ಮೆ ತಿರುಗಿ, ಮುಸುಕು ಹಾಕಿದ ಆ ಹೂವನ್ನು ನೋಡುವ ನೆಪದಲ್ಲಿ ಅವಳನ್ನು ನೋಡಿದ. ನೆಪ ಚೆನ್ನಾಗಿರಲಿಲ್ಲ. ಹೂವು ಆ ಕಡೆ ಇತ್ತು, ಅವಳು ಈ ಕಡೆ ಇದ್ದಳು.

ಕೇಳದೆ ಮುಟ್ಟುವುದಿಲ್ಲ ಎಂಬ ಮಾತನ್ನು ಅವನು ಎಂಟು ತಿಂಗಳು ನಡೆಸಿದ.

*

ತೋಟದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಏಣಿ ಎಂದು. ಆರಡಿಗೆ ಒಂದು ಬೆರಳು ಹೆಚ್ಚು ಎತ್ತರ, ವಯಸ್ಸು ಮೂವತ್ಮೂರು. ಅಣ್ಣನ ಮನೆಯಲ್ಲಿ ವಾಸ. ಆ ಮನೆಯ ಬಾಗಿಲುಗಳನ್ನು ಯಾರೋ ಕುಳ್ಳನೇ ಕಟ್ಟಿಸಿರಬೇಕು. ಹಿತ್ತಲಿಗೆ ಹೋಗಬೇಕಾದರೆ ಮೂರು ಸಲ ತಲೆ ಬಗ್ಗಿಸಬೇಕು.

ಸಂಬಂಧ ಕೇಳಿಕೊಂಡು ಬಂದವರಿದ್ದರು. ಅವಳು ಕೂತಿರುವಷ್ಟು ಹೊತ್ತು ಎಲ್ಲ ಸರಿಯಿರುತ್ತಿತ್ತು. ಎದ್ದು ನಿಂತ ಮೇಲೆ ಮಾತು ಹವಾಮಾನದ ಕಡೆ ತಿರುಗುತ್ತಿತ್ತು.

"ಇನ್ನು ದೀಪದ ಕಂಬಕ್ಕೇ ಕೊಟ್ಟು ಮದುವೆ ಮಾಡ್ಬೇಕು," ಎನ್ನುತ್ತಿದ್ದಳು ಅತ್ತಿಗೆ. "ಅದಾದ್ರೂ ಕರೆಂಟಿದ್ದಾಗ ಬೆಳಗುತ್ತೆ."

ಅತ್ತಿಗೆಯ ಬಾಯಿಗೆ ಬೀಗವಿರಲಿಲ್ಲ. ಆದರೆ ಬಚ್ಚಲಿನ ಹಿಂದಿದ್ದ ಉದ್ದನೆಯ ತುಂಡು ನೆಲವನ್ನು ನಾದಿನಿಗೆ ಬಿಟ್ಟುಕೊಟ್ಟವಳೂ ಅವಳೇ. ಅಲ್ಲಿ ಬಟ್ಟೆ ಒಣಹಾಕಲು ತಂತಿ ಕಟ್ಟುವ ಆಸೆಯಿತ್ತು ಅತ್ತಿಗೆಗೆ. ಆರು ವರ್ಷದಿಂದ ಅಲ್ಲಿ ಸೂರ್ಯಕಾಂತಿ ನಿಂತಿತ್ತು.

ಎರಡು ಬಗೆ. ಗೋಡೆಯ ಕಡೆ ಕಡುಗೆಂಪು, ಸುಟ್ಟ ಬೆಲ್ಲದ ಬಣ್ಣದ್ದು. ಬಾವಿಕಟ್ಟೆಯ ಕಡೆ ಬಿಳಿಯದು, ಹಾಲಿನ ಕೆನೆಯಂಥದು. ಎರಡನ್ನೂ ಅವಳು ಕಂಪನಿಯವರು ಕಿತ್ತು ಬಿಸಾಡಿದ ಗಿಡಗಳಿಂದ ಆರಿಸಿ ತಂದು, ಹಂಗಾಮಿನ ಮೇಲೆ ಹಂಗಾಮು ಬಿತ್ತಿ, ಬಣ್ಣ ಕದಲದಂತೆ ಹದಕ್ಕೆ ತಂದಿದ್ದಳು. ಸೂರ್ಯಕಾಂತಿ ಒಂದೇ ಬೆಳೆಯ ಗಿಡ. ಮೂರು ತಿಂಗಳಲ್ಲಿ ಆಳೆತ್ತರ ಮೀರಿ ಬೆಳೆದು, ಅರಳಿ, ತಲೆ ಬಗ್ಗಿಸಿ ಸಾಯುತ್ತದೆ. ಸತ್ತ ಗಿಡದ ಬೀಜವನ್ನು ಡಬ್ಬಿಯಲ್ಲಿ ಜೋಪಾನ ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ನಾಲ್ಕನೆಯ ವರ್ಷ ಒಂದು ಬೆಳಿಗ್ಗೆ, ಬಿಳಿಯ ಹೂವೊಂದರ ಸ್ವಂತ ಪರಾಗವನ್ನು ನೀರು ಚಿಮುಕಿಸಿ ತೊಳೆದು, ಕೆಂಪಿನ ಪರಾಗವನ್ನು ಕುಂಚದಲ್ಲಿ ಸವರಿದಳು. ಆ ಬೀಜದಿಂದ ಬಂದ ಹೂವನ್ನು ನೋಡಿ ಅತ್ತಿಗೆಯೂ ಸೋಪಿನ ಕೈಯಲ್ಲೇ ನಿಂತುಬಿಟ್ಟಳು. ಸಂಜೆ ಮೋಡದ ಅಂಚಿನಲ್ಲಿ ಒಂದು ಗಳಿಗೆ ಮಾತ್ರ ಇರುವ ಗುಲಾಬಿ ಬಣ್ಣ. ಎಸಳಿನ ತುದಿಗೆ ಬಂದಂತೆ ಕೆನೆ.

"ಇದನ್ನ ಹೇಗೆ ಮಾಡಿದ್ಯೇ?" ಎಂದಿದ್ದಳು ಅತ್ತಿಗೆ.

"ಮದುವೆ ಮಾಡಿಸ್ದೆ."

"ಗಿಡಕ್ಕಾದ್ರೂ ಆಯ್ತಲ್ಲ ಬಿಡು."

ಆ ಹೂವಿನ ಬೀಜ ಬಿತ್ತಿದರೆ ಅದೇ ಹೂವು ಬರುವುದಿಲ್ಲ, ಹತ್ತು ಬಣ್ಣ ಕಲಸಿಕೊಂಡು ಬರುತ್ತದೆ ಎಂಬುದೂ ಮರುವರ್ಷವೇ ತಿಳಿಯಿತು. ಪ್ರತಿಸಲವೂ ಆ ಕೆಂಪು, ಈ ಬಿಳಿ ಎರಡನ್ನೂ ಕೂಡಿಸಲೇಬೇಕು. ಎರಡು ಡಬ್ಬಿಗಳನ್ನು ಅವಳು ತನ್ನ ಕಪಾಟಿನ ಮೇಲಿನ ಅರೆಯಲ್ಲಿಟ್ಟಳು. ಆ ಮನೆಯಲ್ಲಿ ಬೇರೆ ಯಾರ ಕೈಯೂ ಅಲ್ಲಿಗೆ ಎಟುಕುತ್ತಿರಲಿಲ್ಲ.

*

ಹೊಸ ಸಾಹೇಬನಿಗೆ ಪುಸ್ತಕದ ವಿದ್ಯೆ ಬೇಕಾದಷ್ಟಿತ್ತು, ಕೈಯ ವಿದ್ಯೆ ಇರಲಿಲ್ಲ. ಮೊದಲ ತಿಂಗಳೇ ಎತ್ತರದ ಸಾಲುಗಳಿಗೆ ಗೊಬ್ಬರ ಸುರಿಸಿದ. ಗಿಡಗಳು ಮದವೇರಿ ಬೆಳೆದವು. ಎಲೆ ಮೊರದಗಲ, ಕಾಂಡ ಮಾತ್ರ ನೀರುನೀರು. ಒಂದು ಗಾಳಿಗೆ ಇಪ್ಪತ್ತೆರಡು ಗಿಡ ನೆಲ ಹಿಡಿದವು.

"ಹೊಟ್ಟೆ ಬಿರಿಯೋ ಹಾಗೆ ಉಣ್ಣಿಸಿದ್ರೆ ನಿಂತ್ಕೊಳ್ಳೋಕೆ ಆಗುತ್ತಾ ಸಾರ್?" ಅಂದಳು ಅವಳು. "ಸ್ವಲ್ಪ ಹಸಿವಿರ್ಬೇಕು. ಬೇರು ಆಗ ಕೆಳಗೆ ಹೋಗಿ ಹುಡುಕುತ್ತೆ."

"ನೀವು ಹಾಗೇ ಬೆಳೆದ್ರಾ?"

"ನಾನು ಬಗ್ಗಿ ಬಗ್ಗಿ ಬೆಳೆದೆ."

ಮರುದಿನ ಅವನೊಂದು ಸ್ಟೂಲು ತಂದ. ಮಡಚುವ ಮರದ ಸ್ಟೂಲು. ಅದನ್ನು ಬಗಲಿಗೆ ಸಿಕ್ಕಿಸಿಕೊಂಡು ಅವಳ ಹಿಂದೆ ಹಿಂದೆ ಸಾಲುಗಳಲ್ಲಿ ಓಡಾಡತೊಡಗಿದ. ಆಳುಗಳು ಅವನಿಗೆ ಸ್ಟೂಲ್ ಸಾಹೇಬ ಎಂದು ಹೆಸರಿಟ್ಟರು. ಅವನ ಕಿವಿಗೂ ಬಿತ್ತು. "ಪರವಾಗಿಲ್ಲ. ಏಣಿ ಪಕ್ಕದಲ್ಲಿ ಸ್ಟೂಲು ಇರೋದು ನ್ಯಾಯವೇ," ಎಂದನಂತೆ.

ಅವಳು ಕಲಿಸಿದಳು. ಈ ಬಿಸಿಲಿನ ಊರಲ್ಲಿ ಸಸಿ ಮಾಡಿ ಕಿತ್ತು ನೆಡುವ ಗೋಜು ಬೇಡ, ನೆಲಕ್ಕೇ ಬೀಜ ಹಾಕಬೇಕು. ಒಂದು ಬೆರಳಗೆಣ್ಣಿನ ಆಳ, ಗಿಡದಿಂದ ಗಿಡಕ್ಕೆ ಎರಡಡಿ. ಬುಡಕ್ಕೆ ಒಣಹುಲ್ಲು ಹೊದಿಸಬೇಕು. ನೀರು ಬೆಳಗಿನ ಹೊತ್ತು, ಬುಡಕ್ಕೆ ಮಾತ್ರ. ಗಿಡ ಮೊಣಕಾಲುದ್ದ ಆದಾಗಲೇ ಬಿದಿರ ಕೋಲು ನೆಟ್ಟು, ಹಳೆಯ ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಬೇಕು.

"ಸಡಿಲ ಅಂದ್ರೆ ಎಷ್ಟು?" ಎಂದು ಸ್ಟೂಲಿನ ಮೇಲಿಂದ ಕೇಳಿದ.

"ಗಿಡಕ್ಕೆ ಕಟ್ಟಿದಾರೆ ಅಂತ ಗೊತ್ತಾಗ್ಬಾರ್ದು. ಬಿಟ್ಟುಹೋಗಿದಾರೆ ಅಂತಾನೂ ಅನ್ನಿಸ್ಬಾರ್ದು."

ಅವನ ಕೈ ಪಟ್ಟಿಯ ಮೇಲೆ ನಿಂತಿತು. ಅವಳು ಸ್ಟೂಲಿನ ಕಾಲು ಹಿಡಿದುಕೊಂಡಿದ್ದಳು. ಅವನು ಕೆಳಗೆ ನೋಡಿದ, ಅವಳು ಮೇಲೆ ನೋಡಿದಳು. ಗಂಡಸೊಬ್ಬನ ಮುಖವನ್ನು ಕೆಳಗಿನಿಂದ ನೋಡುವುದು ಅವಳಿಗೆ ಹೊಸದು. ಅವನ ಗಲ್ಲದ ಕೆಳಗೆ ಸಣ್ಣ ಗಾಯದ ಗುರುತಿತ್ತು.

"ನಿಮ್ಮ ಹುಬ್ಬಿನ ಮೇಲೆ ಪರಾಗ ಬಿದ್ದಿದೆ," ಅಂದ. "ಒರೆಸ್ಲಾ?"

"ಕೇಳ್ತಿದೀರಲ್ಲ."

"ಕೇಳದೆ ಮುಟ್ಟಲ್ಲ ಅಂತ ಮಾತು ಕೊಟ್ಟಿದೀನಿ."

ಅವಳು ಕಣ್ಣು ಮುಚ್ಚಿಕೊಂಡಳು. ಅವನ ಹೆಬ್ಬೆರಳು ಹುಬ್ಬಿನ ಮೇಲೆ ಹೋಗಿ ಬಂತು. ಪರಾಗವನ್ನೆಲ್ಲ ಒರೆಸಲು ಅಷ್ಟು ಹೊತ್ತು ಬೇಕಿರಲಿಲ್ಲ.

"ನಿಮ್ಮನ್ನ ನೋಡ್ಬೇಕಾದ್ರೆ ಮುಗಿಲು ನೋಡೋ ಹಾಗೆ ತಲೆ ಎತ್ಬೇಕು," ಎಂದ ಇನ್ನೊಂದು ದಿನ, ಟೀ ಕುಡಿಯುತ್ತಾ. "ಇನ್ಮೇಲೆ ನಾನು ಮುಗಿಲು ಅಂತಲೇ ಕರೀತೀನಿ. ಯಾರೂ ಇಲ್ಲದಾಗ."

ಆ ಹೆಸರು ಅವಳಿಗೆ ಮೈಗೆ ಅಳತೆ ತೆಗೆದು ಹೊಲಿಸಿದ ಬಟ್ಟೆಯಾಯಿತು. ಹುಟ್ಟಿದಾಗಿನಿಂದ ಅವಳ ಎತ್ತರಕ್ಕೆ ಸಿಕ್ಕಿದ್ದೆಲ್ಲ ಗೇಲಿಯ ಹೆಸರುಗಳು. ಆ ದಿನ ಮನೆಗೆ ಹೋಗಿ ಮೂರು ಬಾಗಿಲಲ್ಲೂ ತಲೆ ಬಗ್ಗಿಸುವುದನ್ನು ಮರೆತಳು. ಮೂರನೆಯದರಲ್ಲಿ ಹಣೆ ಊದಿತು.

"ಬಾಗಿಲು ಕಾಣಿಸಲಿಲ್ವಾ?" ಅಂದಳು ಅತ್ತಿಗೆ, ಊತಕ್ಕೆ ತಣ್ಣೀರಿನ ಬಟ್ಟೆ ಒತ್ತುತ್ತಾ. ಆಮೇಲೆ ನಾದಿನಿಯ ಮುಖ ನೋಡಿ, "ಯಾರು ಅವ್ನು?" ಅಂದಳು.

*

ಐದನೆಯ ತಿಂಗಳು ಅವಳು ಒಂದು ಮುಷ್ಟಿ ಬೀಜ ತಂದು ಅವನ ಅಂಗೈಗೆ ಸುರಿದಳು. ಕೆಂಪು ಬಿಳಿ ಕೂಡಿಸಿ ಮಾಡಿದ, ಆ ಗುಲಾಬಿ ಹೂವು ಕೊಡುವ ಬೀಜ.

"ಇದು ನನ್ನದು. ಹಿಂದಿನ ಗೋಡೆ ಪಕ್ಕ ಒಂದು ಸಾಲು ಹಾಕಿ ನೋಡಿ."

"ಹೇಗೆ ಮಾಡಿದ್ರಿ?"

"ಆರು ವರ್ಷ ಆರಿಸಿದೆ."

ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಕೆಂಪು ಬಿಳಿಯ ಗುಟ್ಟನ್ನು ಅವಳು ಹೇಳಲಿಲ್ಲ. ಅನುಮಾನದಿಂದಲ್ಲ. ಕೆಲವರು ಒಡವೆ ಎತ್ತಿಡುವ ಹಾಗೆ, ಮದುವೆಯಾದ ಮೇಲೆ ಹಿತ್ತಲಿಗೆ ಕರೆದುಕೊಂಡು ಹೋಗಿ, ಎರಡು ಸಾಲುಗಳ ನಡುವೆ ನಿಲ್ಲಿಸಿ ಹೇಳಬೇಕೆಂದು ಎತ್ತಿಟ್ಟಿದ್ದಳು.

ಅರವತ್ತು ಗಿಡ ಎದ್ದವು. ಇಬ್ಬರೂ ಸೇರಿ ಕೋಲು ಕಟ್ಟಿದರು. ಎಂಟಡಿ ಬೆಳೆದು ಒಂದೇ ವಾರದಲ್ಲಿ ಅರಳಿದಾಗ ಆಳುಗಳು ಕೆಲಸ ಬಿಟ್ಟು ಬಂದು ನೋಡಿದರು. ಅವನು ಸ್ಟೂಲು ಹತ್ತದೆ ಕೆಳಗೇ ನಿಂತು, ಬಹಳ ಹೊತ್ತು ಕತ್ತೆತ್ತಿಕೊಂಡಿದ್ದ. ಅವನ ಕಣ್ಣಂಚು ಒದ್ದೆಯಾಗಿತ್ತು.

ಅರಳಿದ ಮೂರನೆಯ ದಿನ ಹೆಡ್ ಆಫೀಸಿನಿಂದ ದೊಡ್ಡವರು ಬಂದರು. ಬಿಸಿಲು ಚುರುಗುಟ್ಟುತ್ತಿತ್ತು. ಮೇಸ್ತ್ರಿ ಅವಳ ಕೈಗೆ ಕೊಡೆ ಕೊಟ್ಟು, "ನೀನೇ ಹಿಡ್ಕೊ, ಎಲ್ಲರಿಗೂ ನೆರಳಾಗುತ್ತೆ," ಅಂದಿದ್ದ. ಹಾಗಾಗಿ ಅವಳು ದೊಡ್ಡವರ ಬೆನ್ನ ಹಿಂದೆ, ಎರಡು ಹೆಜ್ಜೆ ದೂರದಲ್ಲಿದ್ದಳು.

ದೊಡ್ಡವರು ಗೋಡೆಯ ಸಾಲಿನ ಮುಂದೆ ನಿಂತುಬಿಟ್ಟರು. "ಇದು ನಮ್ಮ ಪಟ್ಟಿಯಲ್ಲಿ ಇಲ್ಲವಲ್ಲ. ಯಾರು ಮಾಡಿದ್ದು?"

ಅವಳು ಅವನನ್ನು ನೋಡಿದಳು. ಅವನೂ ಅವಳನ್ನು ನೋಡಿದ. ಅವಳು ನಕ್ಕಳು ಕೂಡ, ಹೇಳಿ ಎನ್ನುವ ಹಾಗೆ.

"ನಾನು," ಅಂದ.

ಕೊಡೆ ಅಲುಗಲಿಲ್ಲ. ದೊಡ್ಡವರು ಅವನ ಬೆನ್ನು ತಟ್ಟಿದರು. "ಹೆಸರಿಟ್ಟಿದೀರಾ?"

"ಇಟ್ಟಿದೀನಿ ಸರ್. ಮುಗಿಲು."

*

"ನನ್ನ ಮಾತು ಕೇಳಿ," ಎಂದ ಆಮೇಲೆ, ಬೀಜದ ಗೋದಾಮಿನಲ್ಲಿ. ಮೂಟೆಗಳ ನಡುವೆ ಅವಳು ನಿಂತಿದ್ದಳು. ಅವನು ಅವಳ ಸುತ್ತ ಓಡಾಡುತ್ತಿದ್ದ. "ದಿನಗೂಲಿಯವರು ಮಾಡಿದ್ದು ಅಂದ್ರೆ ಅವರು ನೋಂದಾಯಿಸ್ತಾನೇ ಇರ್ಲಿಲ್ಲ. ಕಿತ್ತು ಬಿಸಾಡ್ತಿದ್ರು. ನನ್ನ ಕೆಲಸ ಕಾಯಂ ಆಗ್ಲಿ, ಎಲ್ಲಾ ಸರಿಮಾಡ್ತೀನಿ. ನಿಮ್ಮ ಹೆಸರೇ ಅಲ್ವಾ ಇಟ್ಟಿದ್ದು?"

"ಅದು ಯಾರೂ ಇಲ್ಲದಾಗ ಕರೆಯೋ ಹೆಸರು."

"ಪ್ರೀತಿಯಿಂದ ಇಟ್ಟೆ."

"ನಾಳೆ ಹೋಗಿ ನಿಜ ಹೇಳಿ. ಆಮೇಲೆ ಪ್ರೀತಿ ಮಾತಾಡೋಣ."

ಅವನು ಹೋಗಲಿಲ್ಲ. ಅವನು ಕೆಟ್ಟವನಾಗಿರಲಿಲ್ಲ. ಅವನ ಎಲ್ಲ ಓದಿಗೂ ದುಡಿಮೆಗೂ ಆ ಒಂದು ದಿನ ಯಾರೋ ಬೆನ್ನು ತಟ್ಟಿದ್ದರು. ಆ ಕೈಯ ಬಿಸಿ ಆರುವ ಮೊದಲೇ ಅದನ್ನು ವಾಪಸು ಕೊಡುವ ಎದೆ ಅವನಿಗಿರಲಿಲ್ಲ.

ಗೋಡೆಯ ಸಾಲಿಗೆ ಬೋರ್ಡು ಬಂತು. ಮೇಲೆ ಮುಗಿಲು ಎಂದು, ಕೆಳಗೆ ಅವನ ಹೆಸರು. ಈ ಸಲ ಬೋರ್ಡನ್ನು ಕೆಳಗೇ ನೆಟ್ಟಿದ್ದರು. ಆಳುಗಳು ದಿನವಿಡೀ ಅದನ್ನು ಬಾಯಿತುಂಬ ಓದಿದರು. "ಮುಗಿಲಿಗೆ ನೀರು ಬಿಡ್ರಪ್ಪ." "ಮುಗಿಲಿಗೆ ಹುಳ ಬಿದ್ದಿದೆಯಾ ನೋಡು."

ಅವಳು ಮೇಸ್ತ್ರಿಗೆ ನಿಜ ಹೇಳಿದಳು. ಮೇಸ್ತ್ರಿ ಒಳ್ಳೆಯವನು, ಹೆಡ್ ಆಫೀಸಿಗೆ ಫೋನು ಮಾಡಿದ. ಅಲ್ಲಿಂದ ವಿವರಣೆ ಕೇಳಿ ಕಾಗದ ಬಂತು. ಅದಕ್ಕೆ ಹೋದ ಉತ್ತರದ ನಕಲನ್ನು ಮೇಸ್ತ್ರಿ ಒಂದು ವಾರದ ನಂತರ ತಂದು, ಮುಖ ಆ ಕಡೆ ತಿರುಗಿಸಿಕೊಂಡು ಅವಳ ಕೈಗಿಟ್ಟ.

'ಸದರಿ ಮಹಿಳೆಯು ನೀರು ಹಾಯಿಸುವ ಹಾಗೂ ಕೋಲು ಕಟ್ಟುವ ಕೆಲಸದಲ್ಲಿದ್ದು, ತಳಿಯ ಅಭಿವೃದ್ಧಿಯಲ್ಲಿ ಅವರ ಪಾತ್ರವಿರುವುದಿಲ್ಲ.' ಕೆಳಗೆ ಅವನ ಸಹಿ. ಅವಳಿಗೆ ಗೊತ್ತಿದ್ದ ಕೈಬರಹ. ಅವಳ ಅಂಗೈ ಮೇಲೆ ಒಮ್ಮೆ ತನ್ನ ಹೆಸರು ಬರೆದು ತೋರಿಸಿದ್ದ ಅದೇ ಕೈ.

ಅವಳು ಅಳಲಿಲ್ಲ. ಚೀಲ ಕಟ್ಟುವ ದಾರದ ಉಂಡೆಯನ್ನು ಮೇಸ್ತ್ರಿಗೆ ಒಪ್ಪಿಸಿ ಮನೆಗೆ ಹೋದಳು. ಮತ್ತೆ ಆ ಗೇಟು ದಾಟಲಿಲ್ಲ.

*

ನಾಲ್ಕು ತಿಂಗಳು ಕಳೆದವು. ಅವಳು ಆಸ್ಪತ್ರೆಯೊಂದರ ಅಂಗಳದಲ್ಲಿ ತೋಟದ ಕೆಲಸ ಹಿಡಿದಿದ್ದಳು. ಕಾಂಪೌಂಡಿನ ಉದ್ದಕ್ಕೂ ಕಾಸ್ಮಸ್, ಕೋಳಿಜುಟ್ಟು, ಆಳೆತ್ತರದ ಚೆಂಡುಹೂ. ಹಿತ್ತಲಲ್ಲಿ ಆ ಹಂಗಾಮು ಬಿತ್ತಲಿಲ್ಲ. ಎರಡೂ ಡಬ್ಬಿ ಕಪಾಟಿನ ಮೇಲಿದ್ದವು.

ತೋಟದ ಸುದ್ದಿ ಮೇಸ್ತ್ರಿಯ ಮೂಲಕ ಬರುತ್ತಿತ್ತು. ಸ್ಟೂಲ್ ಸಾಹೇಬ ಆ ಅರವತ್ತು ಗಿಡದ ಬೀಜವನ್ನೆಲ್ಲ ಅರ್ಧ ಎಕರೆಗೆ ಬಿತ್ತಿಸಿದನಂತೆ. ಕಂಪನಿ ಪೊಟ್ಟಣವನ್ನೂ ಅಚ್ಚು ಹಾಕಿಸಿತಂತೆ. ಹೂವು ಅರಳಿದಾಗ ನೋಡಿದರೆ ಒಂದು ಕೆಂಪು, ಒಂದು ಹಳದಿ, ಒಂದು ಮಾಸಲು, ಒಂದು ಬಿಳಿ. ಇಡೀ ಹೊಲದಲ್ಲಿ ಹತ್ತು ಗಿಡವೂ ಒಂದೇ ಥರ ಇಲ್ಲ.

"ಸಂತೆ ಆಗಿದೆ ತಾಯಿ," ಅಂದ ಮೇಸ್ತ್ರಿ. "ಅವರ ಮುಖ ನೋಡೋಕಾಗಲ್ಲ."

ಅವಳಿಗೆ ಸಂತೋಷವಾಯಿತು. ಅದು ಒಳ್ಳೆಯ ಸಂತೋಷವಲ್ಲ ಎಂದು ಗೊತ್ತಿದ್ದೂ ಎರಡು ದಿನ ಅದನ್ನು ಚಪ್ಪರಿಸಿದಳು. ಮೂರನೆಯ ದಿನ ಮೇಸ್ತ್ರಿ ಮತ್ತೆ ಬಂದ. "ಭಾನುವಾರ ನಾಲ್ಕು ಗಂಟೆಗೆ ಮನೆಗೆ ಬರ್ಲಾ ಅಂತ ಕೇಳಿದಾರೆ. ಕೇಳ್ಕೊಂಡು ಬಾ ಅಂದ್ರು."

"ಬರ್ಲಿ."

ಯಾತಕ್ಕೆ ಬರುತ್ತಾನೆಂದು ಅವಳಿಗೆ ಗೊತ್ತಿತ್ತು. ತಳಿ ಒಡೆದಿದೆ; ತಂದೆ ತಾಯಿ ಗಿಡಗಳು ಬೇಕು. ಮೊದಲು ಕ್ಷಮೆ ಕೇಳುತ್ತಾನೆ, ಆಮೇಲೆ ಮುಗಿಲು ಅಂತಾನೆ, ಆಮೇಲೆ ಬೀಜ ಅಂತಾನೆ. ಕೇಳಿದರೆ ತಾನು ಕೊಟ್ಟುಬಿಡುತ್ತೇನೆ ಎಂಬುದೂ ಗೊತ್ತಿತ್ತು. ಅವಳನ್ನು ಹೆದರಿಸಿದ್ದು ಅದೇ. ನೀರು ಹಾಯಿಸುವವಳು ಎಂದು ಬರೆದ ಕೈ ಮುಂದೆ ಚಾಚಿದರೆ ಇವಳ ಕೈ ತಾನಾಗಿ ಕಪಾಟಿನ ಮೇಲಕ್ಕೆ ಹೋಗುತ್ತದೆ.

ಭಾನುವಾರ ಊಟವಾದ ಮೇಲೆ ಅವಳು ಎರಡೂ ಡಬ್ಬಿ ಇಳಿಸಿದಳು. ಒಲೆಯ ಮೇಲೆ ಬಾಣಲೆಯಿಟ್ಟಳು.

ಕಪ್ಪು ಬೀಜ ಕೆಂಪಿನದು, ಪಟ್ಟೆಯ ಬೀಜ ಬಿಳಿಯದು. ಬಾಣಲೆಗೆ ಬಿದ್ದ ಮೇಲೆ ಎರಡೂ ಒಂದೇ ಸದ್ದು ಮಾಡಿದವು. ಉಪ್ಪುನೀರು ಚಿಮುಕಿಸಿ, ಸಣ್ಣ ಉರಿಯಲ್ಲಿ, ಒಂದೂ ಹಸಿ ಉಳಿಯದ ಹಾಗೆ ಕೈಯಾಡಿಸಿದಳು. ಡಬ್ಬಿಗಳನ್ನು ಕೊಡವಿ, ತಳಕ್ಕೆ ಅಂಟಿದ್ದ ಎರಡು ಬೀಜವನ್ನೂ ಹಾಕಿದಳು.

ಪರಿಮಳಕ್ಕೆ ಎದ್ದು ಬಂದ ಅತ್ತಿಗೆ ಖಾಲಿ ಡಬ್ಬಿಗಳನ್ನು ನೋಡಿ ಬಾಗಿಲಲ್ಲೇ ನಿಂತಳು. "ಏನ್ ಮಾಡ್ತಿದೀಯೇ? ಅದು ಆರು ವರ್ಷದ್ದಲ್ವಾ?"

"ಕೇಳಿದ್ರೆ ಕೊಟ್ಬಿಡ್ತೀನಿ ಅತ್ತಿಗೆ. ಅದಕ್ಕೆ."

ಅತ್ತಿಗೆ ಖಾಲಿ ಡಬ್ಬಿಗಳಿಗೆ ಮುಚ್ಚಳ ಹಾಕಿ ಬದಿಗಿಟ್ಟಳು.

*

ಅವನು ಸರಿಯಾಗಿ ನಾಲ್ಕಕ್ಕೆ ಬಂದ. ಇಳಿದುಹೋಗಿದ್ದ. ಇಸ್ತ್ರಿ ಶರ್ಟಿನ ಕಾಲರು ಕತ್ತಿಗೆ ದೊಡ್ಡದಾಗಿತ್ತು. ಆ ಮನೆಯ ಮೂರೂ ಬಾಗಿಲುಗಳನ್ನು ತಲೆ ಬಗ್ಗಿಸದೆ ಹಗುರವಾಗಿ ದಾಟಿ ಬಂದ.

ಹಿತ್ತಲ ಕಟ್ಟೆಯ ಮೇಲೆ ಕೂರಿಸಿದಳು. ಟೀ ಕೊಟ್ಟಳು. ಹುರಿದ ಬೀಜದ ತಟ್ಟೆಯನ್ನು ನಡುವೆ ಇಟ್ಟಳು.

ಅವನು ಒಂದು ಬೀಜ ತೆಗೆದು ಹಲ್ಲಲ್ಲಿ ಕಚ್ಚಿದ. ತಳಮಳವಿದ್ದವರು ಕೈಗೆ ಸಿಕ್ಕಿದ್ದನ್ನು ತಿನ್ನುವ ಹಾಗೆ, ಒಂದಾದ ಮೇಲೆ ಒಂದು. ಸಿಪ್ಪೆಯನ್ನು ನೆಲಕ್ಕೆ ಹಾಕದೆ ಎಡಗೈಯ ಮುಷ್ಟಿಯಲ್ಲಿ ಹಿಡಿದುಕೊಂಡ. ಅವಳು ನೋಡುತ್ತಿದ್ದಳು. ಅರ್ಧ ತಟ್ಟೆ ಮುಗಿಯಲಿ, ಅವನು ಬಾಯಿಬಿಟ್ಟು ಕೇಳಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡಳು.

"ಒಂದು ಕಾಗದ ತಂದಿದೀನಿ," ಎಂದ. "ನಕಲು. ಅಸಲು ಮಂಗಳವಾರವೇ ಹೆಡ್ ಆಫೀಸಿಗೆ ಹೋಯ್ತು."

ಅವಳು ಬಿಡಿಸಿದಳು. ಮೂರೇ ಸಾಲು. ಆ ಹೂವು ನನ್ನದಲ್ಲ. ಅದನ್ನು ಬೆಳೆಸಿದವರು ಇವರು, ನಾನು ಸುಳ್ಳು ಹೇಳಿದೆ, ಬರೆದುಕೊಟ್ಟಿದ್ದೂ ಸುಳ್ಳು. ಕೆಲಸಕ್ಕೆ ರಾಜೀನಾಮೆ ಕೊಡುತ್ತಿದ್ದೇನೆ. ಅವಳ ಪೂರ್ತಿ ಹೆಸರು ಬರೆದಿದ್ದ. ಅದು ಅವನಿಗೆ ಗೊತ್ತಿದೆಯೆಂದೇ ಅವಳಿಗೆ ಗೊತ್ತಿರಲಿಲ್ಲ.

"ನಾಡಿದ್ದು ಇಬ್ಬರು ನಿಮ್ಮನ್ನ ನೋಡೋಕೆ ಬರ್ತಾರೆ," ಎಂದ, ಇನ್ನೊಂದು ಬೀಜ ಬಾಯಿಗಿಟ್ಟುಕೊಳ್ಳುತ್ತಾ. "ಮಿಶ್ರ ಬಂದಾಗ್ಲೇ ನನಗೆ ಅರ್ಥ ಆಯ್ತು. ತಂದೆ ತಾಯಿ ಎರಡನ್ನೂ ನೀವು ಬೇರೆ ಇಟ್ಟಿದೀರ. ನನಗೆ ತೋರಿಸ್ಬೇಡಿ, ಯಾವುದು ಅಂತಾನೂ ಹೇಳ್ಬೇಡಿ. ಅವರಿಗೆ ತೋರಿಸಿ. ಹೂವು ನಿಮ್ಮ ಹೆಸರಿಗೆ ಬರುತ್ತೆ, ಕೆಲಸಾನೂ ಕೊಡ್ತಾರೆ. ಬೀಜ ನೋಡದೆ ಮಾತ್ರ ಅವರು ನಂಬಲ್ಲ."

ಅವಳು ಕಾಗದವನ್ನು ಮೊದಲಿದ್ದ ಹಾಗೇ ಮಡಚಿದಳು.

"ಬೀಜ ಕೇಳೋಕೆ ಬರ್ಲಿಲ್ವಾ ನೀವು?"

"ಇಲ್ಲ." ಕುಡಿಯದ ಟೀಯನ್ನು ಪಕ್ಕಕ್ಕಿಟ್ಟ. "ನಿಮ್ಮನ್ನ ಕೇಳೋಕೆ ಬಂದೆ. ನನಗೀಗ ಕೆಲಸ ಇಲ್ಲ. ಇದ್ದ ಒಳ್ಳೆ ಹೆಸರನ್ನ ನಾನೇ ಕಳ್ಕೊಂಡೆ. ಎತ್ತರ ಮೊದ್ಲೇ ಇರ್ಲಿಲ್ಲ. ಆದ್ರೂ ಮದುವೆ ಆಗ್ತೀರಾ?"

ಬಾವಿಕಟ್ಟೆಯ ಮೇಲೆ ಬಿಸಿಲು ವಾಲಿತ್ತು. ಸುಳ್ಳು ಹೇಳಬಹುದು ಎಂದು ಅವಳಿಗೆ ಹೊಳೆಯಿತು. ಹೂಂ ಅನ್ನಬಹುದು. ಡಬ್ಬಿ ಒಳಗಿದೆ ಅನ್ನಬಹುದು. ನಾಡಿದ್ದರವರೆಗೆ ಎರಡು ದಿನ ಅವನ ಪಕ್ಕದಲ್ಲಿ ಕೂರಬಹುದು. ಅಷ್ಟರಲ್ಲಿ ಅವನ ಕೈ ಮತ್ತೆ ತಟ್ಟೆಗೆ ಹೋಯಿತು.

"ತಿನ್ಬೇಡಿ," ಅಂದಳು.

"ಯಾಕೆ?"

"ಅದೇ ಅದು. ಎರಡೂ. ಮಧ್ಯಾಹ್ನ ಹುರಿದೆ."

ಅವನಿಗೆ ತಕ್ಷಣ ತಿಳಿಯಲಿಲ್ಲ. ತಟ್ಟೆ ನೋಡಿದ. ಕಪ್ಪು ಬೀಜ ಒಂದು, ಪಟ್ಟೆಯದೊಂದು ಬೇರೆ ಮಾಡಿ ಅಂಗೈಯಲ್ಲಿಟ್ಟುಕೊಂಡ. ಕಪ್ಪನ್ನು ಉಗುರಿನಿಂದ ಸೀಳಿ, ಕಂದುಬಣ್ಣಕ್ಕೆ ತಿರುಗಿದ ತಿರುಳನ್ನು ನೋಡಿದ.

"ಎಲ್ಲಾನೂ?"

"ಎಲ್ಲಾ."

"ಬೇರೆ ಎಲ್ಲಾದ್ರೂ ಒಂದು ನಾಲ್ಕು..."

"ಇಲ್ಲ."

ಸಿಪ್ಪೆ ತುಂಬಿದ ಎಡಗೈಯ ಮುಷ್ಟಿಯನ್ನು ಅವನು ಬಿಚ್ಚಿದ.

"ನಾನು ಕದ್ದೆ," ಎಂದ ಮೆಲ್ಲಗೆ. "ನೀವು ಕೊಂದ್ರಿ."

"ನೀವು ಕದ್ದಿದ್ದು ನನ್ನದನ್ನ. ನಾನು ಕೊಂದಿದ್ದೂ ನನ್ನದನ್ನೇ."

"ಹೌದು. ಅದು ನಿಜ."

ಅವನು ಜಗಳವಾಡಿದ್ದರೆ ಅವಳಿಗೆ ಉಸಿರಾಡಲು ಆಗುತ್ತಿತ್ತು. "ಆ ಅರ್ಧ ಎಕರೆ ಇದೆಯಲ್ಲ," ಎಂದಳು ಅವಸರವಾಗಿ. "ಆ ಮಿಶ್ರದಲ್ಲೇ ಹುಡುಕಿದ್ರೆ ಕೆಂಪು ಸಿಗುತ್ತೆ, ಬಿಳೀನೂ ಸಿಗುತ್ತೆ. ನಾನು ಗುರುತು ಹಿಡೀತೀನಿ. ಇನ್ನೊಂದು ಐದಾರು ವರ್ಷ ಆಗ್ಬಹುದು. ನಾವಿಬ್ರೂ ಸೇರಿದ್ರೆ..."

"ಗುರುವಾರ ಟ್ರ್ಯಾಕ್ಟರ್ ಹೊಡೆಸಿದ್ರು. ನನ್ನ ಕಾಗದ ನೋಡಿ ದೊಡ್ಡವರಿಗೆ ಸಿಟ್ಟು ಬಂತು. ಬೀಜ ಇನ್ನೂ ಹಾಲು ಕಟ್ಟಿರ್ಲಿಲ್ಲ."

ಅಡುಗೆಮನೆಯಲ್ಲಿ ಅತ್ತಿಗೆ ನಲ್ಲಿ ನಿಲ್ಲಿಸಿದ್ದು ಕೇಳಿಸಿತು.

ಅವನು ಎದ್ದ. ಸಿಪ್ಪೆಗಳನ್ನು ಬಿಸಾಡದೆ ಜೇಬಿಗೆ ಹಾಕಿಕೊಂಡ. ಅವಳೂ ಎದ್ದಳು. ಎದ್ದವಳು ಎಂದಿನಂತೆ ಬೆನ್ನು ಬಗ್ಗಿಸಿ ನಿಂತಳು.

"ಬೀಜಕ್ಕೇ ಬರ್ತೀನಿ ಅಂದ್ಕೊಂಡ್ರಿ, ಅಲ್ವಾ?"

"ಹೂಂ."

"ಅಂದ್ಕೊಳ್ಳೋ ಹಾಗೆ ಮಾಡಿದ್ದು ನಾನೇ. ನಿಮ್ಮ ತಪ್ಪಲ್ಲ."

"ನೀವು ಕೇಳಿದ್ರಲ್ಲ," ಅಂದಳು. ಯಾರನ್ನೂ ಏನನ್ನೂ ಬೇಡದಿದ್ದವಳ ಧ್ವನಿ ಮೊದಲ ಸಲ ಬೇಡಿತು. "ಅದಕ್ಕೆ ನಾನು ಉತ್ತರ ಹೇಳ್ಲಿಲ್ಲ. ಉತ್ತರ ಬೇಡ್ವಾ?"

ಅವನು ತಲೆಯೆತ್ತಿ ಅವಳನ್ನು ನೋಡಿದ. ಅರವತ್ತು ಹೂಗಳ ಮುಂದೆ ನಿಂತ ದಿನದ ಹಾಗೆಯೇ ಕಣ್ಣಂಚು ಒದ್ದೆಯಾಗಿತ್ತು.

"ಏನು ಹೇಳ್ತೀರ ಅಂತ ಮುಖದಲ್ಲೇ ಕಾಣ್ತಿದೆ. ಕೇಳಿಸ್ಕೊಂಡ್ರೆ ನಾನು ಉಳಿದುಬಿಡ್ತೀನಿ. ಉಳಿದ್ರೆ ದಿನಾ ಬೆಳಿಗ್ಗೆ ನಿಮ್ಮನ್ನ ನೋಡಿದಾಗ ನನಗೆ ಈ ತಟ್ಟೆ ಕಾಣುತ್ತೆ. ನನ್ನನ್ನ ನೋಡಿದಾಗ ನಿಮಗೆ ಆ ಬೋರ್ಡು ಕಾಣುತ್ತೆ. ಎಷ್ಟು ದಿನ ಮಾತಾಡದೆ ತಡ್ಕೊಳ್ತೀವಿ?"

ಅವಳ ಕೈ ಮುಂದೆ ಹೋಗಿ, ಅವನ ದೊಡ್ಡದಾದ ಕಾಲರನ್ನು ಸರಿಮಾಡಿತು. ಅವನು ಆ ಕೈಯ ಬೆನ್ನಿಗೆ ಕೆನ್ನೆ ಒತ್ತಿ ಒಂದು ಗಳಿಗೆ ನಿಂತ. ಈ ಸಲ ಕೇಳಲಿಲ್ಲ.

ಗೇಟಿನವರೆಗೆ ಅವಳೂ ನಡೆದಳು. ಅವನು ಚಿಲಕ ತೆಗೆದು, ಹೊರಗೆ ಹೋಗಿ, ಮತ್ತೆ ಹಾಕಿ, ಅದರ ಮೇಲೆ ಕೈಯಿಟ್ಟುಕೊಂಡ.

"ಹೋಗ್ತೀನಿ," ಅಂದ.

ಯಾರೂ ಹಾಗೆ ಹೇಳುವುದಿಲ್ಲ. ಎದುರಿನ ಅಂಗಡಿಗೆ ಹೋಗುವವರೂ ಬರ್ತೀನಿ ಎಂದೇ ಹೇಳುತ್ತಾರೆ. ಅವನಿಗೂ ಅದು ಗೊತ್ತಿತ್ತು. ರಸ್ತೆಯ ತಿರುವಿನವರೆಗೂ ಅವನು ಚಿಕ್ಕವನಾಗುತ್ತಾ ಹೋದದ್ದು ಅವಳಿಗೆ ಗೇಟಿನ ಮೇಲಿಂದ ಸ್ಪಷ್ಟವಾಗಿ ಕಂಡಿತು. ಎತ್ತರದವರಿಗೆ ಎಲ್ಲವೂ ಬಹಳ ದೂರದವರೆಗೆ ಕಾಣುತ್ತದೆ.

ಒಳಗೆ ಬಂದಾಗ ಅತ್ತಿಗೆ ಕಟ್ಟೆಯ ಮೇಲಿದ್ದ ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು, ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದಳು.

"ಗೇಟಲ್ಲಿ ಏನಂದ್ರು?" ಎಂದಳು. "ನನಗೆ ಸರಿಯಾಗಿ ಕೇಳಿಸ್ಲಿಲ್ಲ."

ಅವಳು ತಟ್ಟೆ ಇಸಿದುಕೊಂಡಳು.

"ಬರ್ತೀನಿ ಅಂದ್ರು," ಅಂದಳು.